ಆಸ್ಪತ್ರೆಯ ಕಂಪ್ಯೂಟರ್ ದಾಖಲೆಯಿಂದ ವೈದ್ಯರ, ಸಿಸ್ಟರ್‌ಗಳ ಹೊರೆ ಇಳಿಸುವುದು ಹೇಗೆ?

ಕಾಸರಗೋಡು ಜಿಲ್ಲೆಯ ಉಪ್ಪಳದಿಂದ ಹೊಸದುರ್ಗದವರೆಗಿನ ಸಣ್ಣ ಆಸ್ಪತ್ರೆಗಳವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: ‘ಕೇಸ್ ಶೀಟ್ ಹೋಗಿ ಕಂಪ್ಯೂಟರ್ ಬಂತು. ಆದರೂ ಡಾಕ್ಟರು ರಾತ್ರಿ ಹತ್ತು ಗಂಟೆಗೆ ಡಿಸ್ಚಾರ್ಜ್ ಸಮರಿ ಬರೆಯುತ್ತಿದ್ದಾರೆ, ಡ್ಯೂಟಿ ಮುಗಿದ ಸಿಸ್ಟರ್‌ಗಳು ಎಂಟ್ರಿ ಬಾಕಿ ಇದೆ ಎಂದು ಕುಳಿತಿರುತ್ತಾರೆ. ಈ ಹೊರೆ ಎಷ್ಟೆಂದು ಆ ಕಂಪ್ಯೂಟರಿನಿಂದಲೇ ಲೆಕ್ಕ ತೆಗೆಯಲು ಬರುವುದಿಲ್ಲವೇ?’

ಬರುತ್ತದೆ. ನಿಮ್ಮ ತಂತ್ರಾಂಶದಲ್ಲಿ ಯಾರು, ಯಾವಾಗ, ಯಾವ ರೋಗಿಯ ಕಡತ ತೆರೆದು ಏನು ಮಾಡಿದರು ಎಂಬುದೆಲ್ಲ ಸಾಲು ಸಾಲಾಗಿ ದಾಖಲಾಗುತ್ತಲೇ ಇರುತ್ತದೆ. ಇದಕ್ಕೆ ಆಡಿಟ್ ಲಾಗ್ ಎನ್ನುತ್ತಾರೆ. ಕೇಂದ್ರ ಆರೋಗ್ಯ ಸಚಿವಾಲಯ 2013ರಲ್ಲಿ ಹೊರಡಿಸಿ 2016ರಲ್ಲಿ ಪರಿಷ್ಕರಿಸಿದ ವಿದ್ಯುನ್ಮಾನ ಆರೋಗ್ಯ ದಾಖಲೆಗಳ ಮಾನದಂಡಗಳಲ್ಲೂ ಈ ಲಾಗ್‌ನ ಪ್ರಸ್ತಾಪವಿದೆ. ರೋಗಿಯ ಕಡತವನ್ನು ಸಂಬಂಧವಿಲ್ಲದವರು ಇಣುಕಿ ನೋಡಬಾರದೆಂದು ಹುಟ್ಟಿಕೊಂಡ ವ್ಯವಸ್ಥೆಯನ್ನೇ ನಾವು ಬೇರೆ ಕೆಲಸಕ್ಕೆ ಬಳಸಿಕೊಳ್ಳುತ್ತೇವೆ.

ಎರಡನೆಯ ಪ್ರಶ್ನೆಯನ್ನು ಸಿಸ್ಟರ್‌ಗಳು ತಗ್ಗಿದ ದನಿಯಲ್ಲಿ ಕೇಳುತ್ತಾರೆ: ‘ಇದು ನಮ್ಮ ಮೇಲೆ ಕಣ್ಣಿಡುವ ಉಪಾಯವಲ್ಲವೇ?’ ಎಚ್ಚರ ತಪ್ಪಿದರೆ ಖಂಡಿತ ಹಾಗೆಯೇ ಆಗುತ್ತದೆ. ಆದ್ದರಿಂದ ಕೆಳಗಿನ ಹಂತಗಳಲ್ಲಿ ಮೊದಲನೆಯದನ್ನು ಹಾರಿಸಿ ಮುಂದೆ ಹೋಗಬೇಡಿ.

ಏನೆಲ್ಲ ಬೇಕು?

ಆರು ವಾರಗಳ ಲಾಗ್, ಅದೇ ಆರು ವಾರಗಳ ಡ್ಯೂಟಿ ಪಟ್ಟಿ, ಎಕ್ಸೆಲ್ ಬಲ್ಲ ಒಬ್ಬರು, ವಾರ್ಡಿನ ಕೆಲಸ ಬಲ್ಲ ಒಬ್ಬ ಹಿರಿಯ ಸಿಸ್ಟರ್, ಒಬ್ಬ ವೈದ್ಯರು. ಇಷ್ಟು ಸಾಕು. ದುಬಾರಿ ತಂತ್ರಾಂಶ ಬೇಡ. ಆದರೆ ಡ್ಯೂಟಿ ಪಟ್ಟಿ ಬೇಕೇ ಬೇಕು. ರಾತ್ರಿ ಒಂಬತ್ತರ ಎಂಟ್ರಿ ಡ್ಯೂಟಿಯೊಳಗಿನದೋ ಹೊರಗಿನದೋ ಎಂದು ಹೇಳುವುದು ಆ ಪಟ್ಟಿ ಮಾತ್ರ. ಗೋಡೆಗೆ ಅಂಟಿಸಿದ ಪಟ್ಟಿಯನ್ನು ನಂಬಬೇಡಿ. ಅದಲು ಬದಲು ಮಾಡಿಕೊಂಡದ್ದನ್ನು ಪೆನ್ನಿನಲ್ಲಿ ಗೀಚಿರುವ, ಹೆಡ್ ನರ್ಸ್ ಮೇಜಿನ ಪ್ರತಿಯನ್ನು ಕೇಳಿ ಪಡೆಯಿರಿ.

ಸರ್ಕಾರಿ ಕುಟುಂಬ ಆರೋಗ್ಯ ಕೇಂದ್ರ, ತಾಲೂಕು ಆಸ್ಪತ್ರೆಗಳವರಿಗೆ ಒಂದು ಮಾತು: ಸರ್ಕಾರಿ ಆಸ್ಪತ್ರೆಗಳ ರೋಗಿ ದಾಖಲೆ ಇಡುವ ಕೇರಳದ ಇ-ಹೆಲ್ತ್ ವ್ಯವಸ್ಥೆಯ ಮಾಹಿತಿ ನಿಮ್ಮ ಸಂಸ್ಥೆಯ ಸೊತ್ತಲ್ಲ. ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಅದಕ್ಕೆ ಕೈ ಹಾಕಬೇಡಿ. ಅನುಮತಿ ಬರುವ ತನಕ, ನಿಮ್ಮ ಕೈಯಲ್ಲಿರುವ ಒಪಿ (ಹೊರರೋಗಿ) ಎಣಿಕೆ ಮತ್ತು ಡ್ಯೂಟಿ ಪಟ್ಟಿಗಳಿಂದಲೇ 5ನೇ ಹಂತದ ಕ್ಯಾಶುವಾಲ್ಟಿ ಭಾಗವನ್ನು, ಕಾಯುವ ಹೊತ್ತಿನ ಲೆಕ್ಕವೊಂದನ್ನು ಬಿಟ್ಟು, ಮಾಡಬಹುದು.

ಹಂತ 1: ಮೊದಲು ಮಾತು ಕೊಡಿ, ಅದನ್ನು ಬರೆದು ಅಂಟಿಸಿ

ಲಾಗ್ ಕೇಳುವ ಮೊದಲೇ ಒಂದು ಪುಟದ ಒಪ್ಪಂದ ಬರೆಯಿರಿ. ಕನ್ನಡದಲ್ಲೂ ಮಲಯಾಳದಲ್ಲೂ ಬರೆಯಿರಿ, ಏಕೆಂದರೆ ನಿಮ್ಮ ಸಿಬ್ಬಂದಿಯಲ್ಲಿ ಬದಿಯಡ್ಕದವರೂ ಇರುತ್ತಾರೆ, ಕೊಲ್ಲಂ ಕಡೆಯವರೂ ಇರುತ್ತಾರೆ. ಅದರಲ್ಲಿ ಮೂರು ಸಂಗತಿ ಇರಲಿ. ಯಾವ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದೇವೆ ಎಂಬುದು. ಈ ಲೆಕ್ಕವನ್ನು ಸಂಬಳ, ಬಡ್ತಿ, ವಿಚಾರಣೆ ಯಾವುದಕ್ಕೂ ಬಳಸುವುದಿಲ್ಲ ಎಂಬುದು. ಕಚ್ಚಾ ಕಡತವನ್ನು ಯಾರು ನೋಡುತ್ತಾರೆ, ಯಾವ ದಿನ ಅಳಿಸುತ್ತಾರೆ ಎಂಬುದು.

ಆಡಳಿತದವರು ಎರಡನೆಯದಕ್ಕೆ ಸಹಿ ಹಾಕಲು ಹಿಂದೆ ಮುಂದೆ ನೋಡಿದರೆ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ. ಇದರಲ್ಲಿ ನನಗೆ ರಾಜಿ ಇಲ್ಲ. ‘ಯಾರು ಎಷ್ಟು ನಿಧಾನ’ ಎಂಬ ಪಟ್ಟಿ ಒಮ್ಮೆ ಮೇಲಿನವರ ಕೈ ಸೇರಿತೆಂದರೆ ಮರುದಿನದಿಂದಲೇ ಲಾಗ್ ಕೆಡುತ್ತದೆ. ಜನ ಒಬ್ಬರ ಲಾಗಿನ್‌ನಲ್ಲಿ ಮತ್ತೊಬ್ಬರು ಎಂಟ್ರಿ ಹಾಕುತ್ತಾರೆ, ಕಾಗದದಲ್ಲಿ ಬರೆದಿಟ್ಟು ಒಟ್ಟಿಗೆ ತುಂಬುತ್ತಾರೆ, ಎಚ್ಚರಿಕೆ ಕಾಣಿಸಿದರೆ ಓದದೆ ಮುಚ್ಚುತ್ತಾರೆ. ಆಮೇಲೆ ನಿಮ್ಮ ಬಳಿ ಉಳಿಯುವುದು ಅಂಕಿಗಳು ಮಾತ್ರ.

ಪ್ರಶ್ನೆ ಚಿಕ್ಕದಾಗಿರಲಿ. ‘ನಮ್ಮವರು ಸುಖವಾಗಿದ್ದಾರೆಯೇ?’ ಎಂಬುದಕ್ಕೆ ಲಾಗ್ ಉತ್ತರಿಸುವುದಿಲ್ಲ. ‘ಮೆಡಿಕಲ್ ವಾರ್ಡಿನ ಡಿಸ್ಚಾರ್ಜ್ ಸಮರಿಗಳಲ್ಲಿ ಎಷ್ಟನ್ನು ಡ್ಯೂಟಿ ಮುಗಿದ ಮೇಲೆ ಬರೆಯಲಾಗುತ್ತಿದೆ?’ ಎಂದು ಕೇಳಿದರೆ ಉತ್ತರಿಸುತ್ತದೆ.

ಹಂತ 2: ಲಾಗ್ ಪಡೆಯುವುದು

ತಂತ್ರಾಂಶ ಕೊಟ್ಟವರನ್ನು ಐದು ಕಲಂ ಕೇಳಿ: ಬಳಕೆದಾರರ ಸಂಖ್ಯೆ, ದಿನಾಂಕ ಮತ್ತು ಸಮಯ, ಯಾವ ಕಂಪ್ಯೂಟರ್, ರೋಗಿಯ ಸಂಖ್ಯೆ, ಮಾಡಿದ ಕೆಲಸ. ರೋಗಿಯ ಹೆಸರು, ಊರು, ರೋಗ ಯಾವುದೂ ಬೇಡ. ಅವರು ಕೊಟ್ಟರೂ ತೆಗೆದುಕೊಳ್ಳಬೇಡಿ. 2023ರಲ್ಲಿ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯ್ದೆ ಬಂದ ಮೇಲಂತೂ ಬೇಡದ ಮಾಹಿತಿ ಇಟ್ಟುಕೊಳ್ಳುವುದೆಂದರೆ ಬೇಡದ ತಲೆನೋವು.

ಕೈಗೆ ಬಂದ ಕಡತ ಹೆಚ್ಚುಕಡಿಮೆ ಹೀಗಿರುತ್ತದೆ:

ವೈದ್ಯ-07 | 21:42:10 | ವಾರ್ಡ್-2 | ರೋಗಿ 4471 | ಕಡತ ತೆರೆದದ್ದು
ವೈದ್ಯ-07 | 21:42:55 | ವಾರ್ಡ್-2 | ರೋಗಿ 4471 | ಲ್ಯಾಬ್ ವರದಿ ನೋಡಿದ್ದು
ವೈದ್ಯ-07 | 21:44:30 | ವಾರ್ಡ್-2 | ರೋಗಿ 4471 | ಡಿಸ್ಚಾರ್ಜ್ ಸಮರಿ ಆರಂಭ
ವೈದ್ಯ-07 | 21:58:02 | ವಾರ್ಡ್-2 | ರೋಗಿ 4471 | ಸಮರಿ ಉಳಿಸಿದ್ದು

ಮೊದಲ ಕಲಂನಲ್ಲಿರುವ ‘ವೈದ್ಯ-07’ ನೀವು ಕೊಟ್ಟ ಸಂಕೇತ. ಯಾವ ಸಂಕೇತ ಯಾರದು ಎಂಬ ಪಟ್ಟಿ ಒಬ್ಬರ ಬಳಿ ಮಾತ್ರ ಇರಲಿ, ಅವರು ವೇತನ ವಿಭಾಗದವರಾಗಿರಬಾರದು.

ಹಂತ 3: ಲಾಗ್ ಹಸನು ಮಾಡುವುದು

ಎಲ್ಲರೂ ಎಡವುವುದು ಇಲ್ಲಿಯೇ, ಆದ್ದರಿಂದ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಗಡಿಯಾರ. ಕೆಲವು ಸರ್ವರ್‌ಗಳು ಭಾರತೀಯ ಸಮಯದ ಬದಲು ಅಂತಾರಾಷ್ಟ್ರೀಯ ಪ್ರಮಾಣ ಸಮಯವನ್ನು ದಾಖಲಿಸುತ್ತವೆ. ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಹಾಗಾಗಿ ರಾತ್ರಿ 11ಕ್ಕೆ ಬರೆದ ಸಮರಿ ಲಾಗ್‌ನಲ್ಲಿ ಸಂಜೆ 5:30ರದ್ದೆಂದು ಕಾಣುತ್ತದೆ. ರಾತ್ರಿಯ ದುಡಿಮೆಯೆಲ್ಲ ಹಗಲಿನದಾಗಿ ಬಿಡುತ್ತದೆ, ‘ನಮ್ಮಲ್ಲಿ ತೊಂದರೆಯೇ ಇಲ್ಲ’ ಎಂದು ವರದಿ ಹೋಗುತ್ತದೆ. ಪರೀಕ್ಷಿಸುವುದು ಸುಲಭ: ನೀವೇ ಕೈಗಡಿಯಾರ ನೋಡಿ ಒಂದು ಎಂಟ್ರಿ ಹಾಕಿ, ಅದು ಲಾಗ್‌ನಲ್ಲಿ ಎಷ್ಟು ಗಂಟೆಗೆ ಕಾಣುತ್ತದೆಂದು ನೋಡಿ.

ಹಂಚಿಕೊಂಡ ಲಾಗಿನ್. ನರ್ಸಿಂಗ್ ಸ್ಟೇಷನ್ನಿನಲ್ಲಿ ಬೆಳಿಗ್ಗೆ ಬಂದ ಸಿಸ್ಟರ್ ಲಾಗಿನ್ ಆದರೆ ಶಿಫ್ಟ್ ಮುಗಿಯುವವರೆಗೆ ಅದರಲ್ಲೇ ಎಲ್ಲರೂ ಎಂಟ್ರಿ ಹಾಕುತ್ತಾರೆ. ಲಾಗ್ ನೋಡಿದರೆ ಒಬ್ಬರು ನಾಲ್ವರ ಕೆಲಸ ಮಾಡಿದ್ದಾರೆ, ಉಳಿದ ಮೂವರು ಸುಮ್ಮನೆ ಕುಳಿತಿದ್ದಾರೆ! ಇಂಥ ಕಡೆ ವ್ಯಕ್ತಿಯ ಲೆಕ್ಕವನ್ನು ಬಿಟ್ಟುಬಿಡಿ, ಇಡೀ ವಾರ್ಡಿನ ಲೆಕ್ಕ ಮಾತ್ರ ತೆಗೆಯಿರಿ. ಹಂಚಿಕೊಂಡದ್ದಕ್ಕೆ ಸಿಸ್ಟರ್‌ಗಳನ್ನು ಗದರಿಸಲು ಹೊರಡಬೇಡಿ. ಪ್ರತಿ ಸಲ ಲಾಗಿನ್ ಆಗಲು ಎಷ್ಟು ಹೊತ್ತು ಹಿಡಿಯುತ್ತದೆಂದು ಮೊದಲು ನೋಡಿ, ಕಾರಣ ಅಲ್ಲೇ ಇರುತ್ತದೆ.

ತೆರೆದಿಟ್ಟ ಪರದೆ. ಕಡತ ತೆರೆದಿಟ್ಟು ಡಾಕ್ಟರು ರೌಂಡ್ಸ್‌ಗೆ ಹೋದರೆ ಆ ಹೊತ್ತೆಲ್ಲ ಕಂಪ್ಯೂಟರ್ ಕೆಲಸ ಎಂದಾಗಬಾರದು. ಎರಡು ಸಾಲುಗಳ ನಡುವೆ 5 ನಿಮಿಷಕ್ಕಿಂತ ಹೆಚ್ಚು ಅಂತರವಿದ್ದರೆ ಆ ಅಂತರವನ್ನು ಬಿಟ್ಟುಬಿಡಿ ಎಂದು ನಾನು ಹೇಳುತ್ತೇನೆ. ಆದರೆ ಮೇಲಿನ ಮಾದರಿಯನ್ನೇ ನೋಡಿ: ಸಮರಿ ಆರಂಭಕ್ಕೂ ಉಳಿಸಿದ್ದಕ್ಕೂ ನಡುವೆ 13 ನಿಮಿಷ 32 ಸೆಕೆಂಡು. ಅಷ್ಟೂ ಹೊತ್ತು ಬರೆಯುತ್ತಲೇ ಇದ್ದಿರಬಹುದು. ಟೈಪ್ ಮಾಡುವುದನ್ನು ನಿಮ್ಮ ತಂತ್ರಾಂಶ ದಾಖಲಿಸದಿದ್ದರೆ, ‘ಆರಂಭ’ ಮತ್ತು ‘ಉಳಿಸಿದ್ದು’ ಜೋಡಿಗೆ ಈ ನಿಯಮ ಹಚ್ಚಬೇಡಿ.

ಕರೆಂಟು. ಆಟಿ ತಿಂಗಳ ಗಾಳಿಮಳೆಗೆ ಲೈನ್ ಹೋಗಿ, ಇಂಟರ್ನೆಟ್ಟೂ ಕೈಕೊಟ್ಟ ದಿನ ಎಲ್ಲವೂ ಕಾಗದದಲ್ಲಿ ನಡೆದು, ಆಮೇಲೆ ಕಂಪ್ಯೂಟರಿಗೆ ಏರುತ್ತದೆ. ಆ ದಿನದ ಲಾಗ್‌ನಲ್ಲಿ ಸಂಜೆ ಏಳಕ್ಕೆ ನೂರಾರು ಎಂಟ್ರಿ. ಅಂಥ ದಿನಗಳಿಗೆ ಗುರುತು ಹಾಕಿ ಬೇರೆ ಇಡಿ. ಆದರೆ ಎಸೆಯಬೇಡಿ: ಒಂದೇ ಕೆಲಸವನ್ನು ಎರಡೆರಡು ಸಲ ಮಾಡುವುದೂ ಹೊರೆಯೇ, ಜನರೇಟರ್ ಕೇಳುವಾಗ ಆ ಕಾಗದ ಉಪಯೋಗಕ್ಕೆ ಬರುತ್ತದೆ.

ಇಷ್ಟಾದ ಮೇಲೆ ಒಪ್ಪಿದ ಒಬ್ಬರ ಪಕ್ಕ ಒಂದು ಗಂಟೆ ಕುಳಿತು, ಅವರು ಕಂಪ್ಯೂಟರಿನಲ್ಲಿ ಕಳೆದ ಸಮಯವನ್ನು ಕೈಯಲ್ಲಿ ಬರೆದು ಲಾಗ್‌ನ ಲೆಕ್ಕದೊಂದಿಗೆ ತಾಳೆ ನೋಡಿ. ಹೊಂದದಿದ್ದರೆ ಈ ಹಂತದ ಮೊದಲಿಗೆ ಮರಳಿ.

ಹಂತ 4: ಹೊರೆಯನ್ನು ಅಳೆಯುವುದು

ಅಮೆರಿಕದ ವೈದ್ಯ ಸಂಶೋಧಕರು 2020ರಲ್ಲಿ ಇದಕ್ಕೆಂದು ಏಳು ಅಳತೆಗಳನ್ನು ಸೂಚಿಸಿದರು. ಅವರ ಮುಖ್ಯ ಯೋಚನೆ ಸರಳ: ಯಾವ ಲೆಕ್ಕವನ್ನಾದರೂ ‘ರೋಗಿಗಳಿಗೆಂದು ಮೀಸಲಾದ 8 ಗಂಟೆಗೆ ಎಷ್ಟು’ ಎಂದು ಹೇಳಬೇಕು. ಆಗ ವಾರಕ್ಕೆ ಆರು ದಿನ ಒಪಿ ನೋಡುವವರನ್ನೂ ಎರಡು ದಿನ ಬಂದು ಹೋಗುವವರನ್ನೂ ಒಂದೇ ತಕ್ಕಡಿಯಲ್ಲಿ ಇಡಬಹುದು. ಏಳೂ ಬೇಡ, ನಮಗೆ ಎರಡು ಸಾಕು: ಒಟ್ಟು ಕಂಪ್ಯೂಟರ್ ಸಮಯ, ಮತ್ತು ಡ್ಯೂಟಿಯ ಹೊರಗಿನ ಕಂಪ್ಯೂಟರ್ ಸಮಯ.

ಲೆಕ್ಕ ಮಾಡಿ ನೋಡೋಣ. ಒಬ್ಬ ವೈದ್ಯರಿಗೆ ವಾರದಲ್ಲಿ 30 ಗಂಟೆ ಒಪಿ ಮತ್ತು ವಾರ್ಡ್ ಇದೆ ಎಂದಿಟ್ಟುಕೊಳ್ಳಿ. ಲಾಗ್ ಪ್ರಕಾರ ಅದರೊಳಗೆ 15 ಗಂಟೆ, ಹೊರಗೆ ಏಳೂವರೆ ಗಂಟೆ ಕಂಪ್ಯೂಟರ್ ಕೆಲಸ. ಹೊರಗಿನದನ್ನು 30ರಿಂದ ಭಾಗಿಸಿ 8ರಿಂದ ಗುಣಿಸಿದರೆ 2 ಗಂಟೆ. ಇನ್ನೊಬ್ಬರಿಗೆ 12 ಗಂಟೆ ಒಪಿ, ಹೊರಗೆ 3 ಗಂಟೆ. ಅವರದೂ 2 ಗಂಟೆಯೇ. ಬರಿಯ ಗಂಟೆ ನೋಡಿದರೆ ಎರಡನೆಯವರು ಹಗುರವಾಗಿದ್ದಾರೆ ಎನಿಸುತ್ತಿತ್ತು.

ಅಮೆರಿಕದ್ದೇ 2016ರ ಒಂದು ಅಧ್ಯಯನವನ್ನು ಎಲ್ಲರೂ ಎತ್ತಿ ಹೇಳುತ್ತಾರೆ: ರೋಗಿಯ ಮುಂದೆ ಕಳೆದ ಪ್ರತಿ ಗಂಟೆಗೆ ದಾಖಲೆ ಮತ್ತು ಮೇಜಿನ ಕೆಲಸಕ್ಕೆ ಸುಮಾರು ಎರಡು ಗಂಟೆ ಹೋಗುತ್ತದೆ ಎಂದು. ಆ ಅಂಕಿಯನ್ನು ಇಲ್ಲಿಗೆ ಹೊತ್ತು ತರಬೇಡಿ. ಟೋಕನ್ ಮುಗಿಯದ ನಮ್ಮ ಒಪಿಗಳಲ್ಲಿ ಕಥೆಯೇ ಬೇರೆ. ಕೆಲವು ಕಡೆ ಕಂಪ್ಯೂಟರ್ ಸಮಯ ತೀರಾ ಕಡಿಮೆ ಕಂಡರೆ ಅದು ಒಳ್ಳೆಯ ಸುದ್ದಿ ಆಗಿರಬೇಕೆಂದಿಲ್ಲ, ಬರೆಯಲು ಬಿಡುವೇ ಸಿಕ್ಕಿಲ್ಲ ಎಂದರ್ಥ ಇರಬಹುದು.

ನಮ್ಮ ಜಿಲ್ಲೆಯಲ್ಲಿ ನೆನಪಿಡಬೇಕಾದ ಎರಡು ಸಂಗತಿ. ತೆಂಕಣ ಜಿಲ್ಲೆಗಳಿಂದ ಬಂದ ವೈದ್ಯರಿಗೆ ತುಳು, ಕನ್ನಡ, ಬ್ಯಾರಿ ಮಾತು ತಿಳಿಯದೆ, ಸಿಸ್ಟರ್ ನಡುವೆ ನಿಂತು ಹೇಳಬೇಕಾಗುತ್ತದೆ. ಅವರ ಒಂದೊಂದು ಕಡತ ಹೆಚ್ಚು ಹೊತ್ತು ತೆರೆದಿರುವುದಕ್ಕೆ ಅವರ ಕೈ ನಿಧಾನ ಎಂಬುದು ಕಾರಣವಲ್ಲ. ಮತ್ತೊಂದು, ಮಂಗಳೂರಿನಿಂದ ಬರುವ ಕಾಗದದ ಕಟ್ಟು. ಅಲ್ಲಿ ಆಪರೇಷನ್ ಆಗಿ ಊರಿಗೆ ಮರಳಿದ ರೋಗಿಯ ಡಿಸ್ಚಾರ್ಜ್ ಸಮರಿಯನ್ನು ಇಲ್ಲಿ ಯಾರೋ ಕುಳಿತು ಮತ್ತೆ ಟೈಪ್ ಮಾಡುತ್ತಾರೆ. ಆ ಕೆಲಸಕ್ಕೆ ನಿಮ್ಮ ತಂತ್ರಾಂಶದಲ್ಲಿ ಬೇರೆ ಗುರುತು ಇದೆಯೇ ನೋಡಿ. ಇಲ್ಲದಿದ್ದರೆ ಒಂದು ವಾರ ಕೈಯಲ್ಲೇ ಎಣಿಸಿ.

ಹಂತ 5: ಸುರಕ್ಷತೆಯನ್ನು ಅಳೆಯುವುದು

ರೋಗಿಯ ಸುರಕ್ಷತೆಯಿಂದ ಶುರು ಮಾಡೋಣ, ಏಕೆಂದರೆ ದಣಿದವರ ಕೈಯಲ್ಲಿ ಮೊದಲು ತಪ್ಪುವುದು ಅದೇ.

ತಪ್ಪಾದ ರೋಗಿಗೆ ಔಷಧ ಬರೆದದ್ದು ಲಾಗ್‌ನಲ್ಲಿ ಒಂದು ವಿಶಿಷ್ಟ ಗುರುತು ಬಿಡುತ್ತದೆ. ಒಬ್ಬರು ಒಂದು ಆರ್ಡರ್ ಹಾಕುತ್ತಾರೆ, 10 ನಿಮಿಷದೊಳಗೆ ಅದನ್ನು ಹಿಂಪಡೆಯುತ್ತಾರೆ, ಮತ್ತೆ 10 ನಿಮಿಷದೊಳಗೆ ಅದೇ ಆರ್ಡರನ್ನು ಬೇರೆ ರೋಗಿಗೆ ಹಾಕುತ್ತಾರೆ. 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಇಂಥವರಿಗೆ ಕೂಡಲೇ ಫೋನ್ ಮಾಡಿ ಕೇಳಿದಾಗ ಸುಮಾರು ನಾಲ್ಕರಲ್ಲಿ ಮೂರು ಸಲ ರೋಗಿ ಅದಲುಬದಲಾದದ್ದು ನಿಜವೇ ಆಗಿತ್ತು. ಎಕ್ಸೆಲ್‌ನಲ್ಲಿ ಇದನ್ನು ಹುಡುಕುವುದು ಕಷ್ಟವಲ್ಲ. ಇವು ಅವರೇ ಗಮನಿಸಿ ತಿದ್ದಿಕೊಂಡ ತಪ್ಪುಗಳು ಎಂಬುದನ್ನು ಮರೆಯಬೇಡಿ, ಅದಕ್ಕಾಗಿ ಯಾರನ್ನೂ ಕರೆದು ಕೇಳಬೇಡಿ. ಯಾವ ಹೊತ್ತಿನಲ್ಲಿ, ಯಾವ ಕಂಪ್ಯೂಟರಿನಲ್ಲಿ ಹೆಚ್ಚು ಎಂಬುದಷ್ಟೇ ನಿಮಗೆ ಬೇಕು.

ಇಲ್ಲಿ ಒಂದು ಊರಿನ ತೊಡಕಿದೆ. ಹುಡುಕುವ ಜಾಗದಲ್ಲಿ ‘ಆಯಿಷಾ’ ಎಂದು ಟೈಪ್ ಮಾಡಿ ನೋಡಿ. ಒಂದೇ ಹೆಸರನ್ನು ಒಬ್ಬೊಬ್ಬರು ಒಂದೊಂದು ರೀತಿ ಇಂಗ್ಲಿಷ್ ಅಕ್ಷರದಲ್ಲಿ ಬರೆದಿರುತ್ತಾರೆ. ಹೊಸದುರ್ಗ, ಕಾಞಂಗಾಡ್ ಎಂದು ಒಂದೇ ಊರಿಗೆ ಎರಡು ಹೆಸರು. ಮನೆಹೆಸರು ಒಂದು ಕಡೆ ಇನಿಶಿಯಲ್, ಮತ್ತೊಂದು ಕಡೆ ವಿಳಾಸ. ಹೆಸರು ನೋಡಿ ಕಡತ ತೆರೆಯುವ ಪದ್ಧತಿ ಇರುವ ತನಕ ಅದಲುಬದಲು ತಪ್ಪುವುದಿಲ್ಲ. ಒಪಿ ಚೀಟಿಯ ನಂಬರ್ ಮತ್ತು ಹುಟ್ಟಿದ ವರ್ಷ, ಎರಡನ್ನೂ ನೋಡಿಯೇ ತೆರೆಯುವಂತೆ ಮಾಡಿ.

ಮುಂದಿನದು ಎಚ್ಚರಿಕೆಗಳು. ‘ಈ ಔಷಧ ಆ ಔಷಧದೊಂದಿಗೆ ಕೂಡದು’ ಎಂದು ಪರದೆಯಲ್ಲಿ ಹಾರುವ ಚೌಕಗಳಲ್ಲಿ ಎಷ್ಟನ್ನು ಕಾರಣ ಕೊಡದೆ ಮುಚ್ಚಲಾಗಿದೆ ಎಂದು ಎಣಿಸಿ. ನೂರಕ್ಕೆ ತೊಂಬತ್ತನ್ನು ಹಾಗೆ ಮುಚ್ಚುತ್ತಿದ್ದರೆ ದೋಷ ಮುಚ್ಚುವವರದಲ್ಲ. ಬೇಡದ್ದಕ್ಕೆಲ್ಲ ಕೂಗುವ ಯಂತ್ರದ ಮಾತನ್ನು ಮನುಷ್ಯರು ಕೇಳುವುದನ್ನು ಬಿಡುತ್ತಾರೆ. ಇದಕ್ಕೆ ಎಚ್ಚರಿಕೆಯ ಆಯಾಸ ಎನ್ನುತ್ತಾರೆ. ಯಾವುದನ್ನು ತೆಗೆಯಬಹುದೆಂದು ವೈದ್ಯರು ಮತ್ತು ಫಾರ್ಮಸಿಸ್ಟ್ ಒಟ್ಟಿಗೆ ಕುಳಿತು ತೀರ್ಮಾನಿಸಲಿ. ಅಲರ್ಜಿಯ ಎಚ್ಚರಿಕೆಗೆ ಮಾತ್ರ ಕೈ ಹಚ್ಚಬೇಡಿ.

ಇನ್ನು ಸಿಬ್ಬಂದಿಯ ಮೈಮೇಲಿನ ಸುರಕ್ಷತೆ. 2023ರ ಮೇ 10ರಂದು ಕೊಟ್ಟಾರಕ್ಕರ ತಾಲೂಕು ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದ ಯುವ ವೈದ್ಯೆ ಡಾ. ವಂದನಾ ದಾಸ್ ಅವರ ಕೊಲೆಯಾಯಿತು. ಅದೇ ತಿಂಗಳು ಕೇರಳ ಸರ್ಕಾರ ಆಸ್ಪತ್ರೆ ರಕ್ಷಣೆಯ 2012ರ ಕಾಯ್ದೆಯನ್ನು ಸುಗ್ರೀವಾಜ್ಞೆ ಮೂಲಕ ಬಿಗಿಗೊಳಿಸಿತು. ಕಾನೂನು ಬಂದರೂ ಕ್ಯಾಶುವಾಲ್ಟಿ ಬಾಗಿಲಿನಲ್ಲಿ ಯಾವ ಹೊತ್ತಿಗೆ ಎಷ್ಟು ಜನ ಬೇಕು ಎಂಬುದನ್ನು ನೀವೇ ಕಂಡುಕೊಳ್ಳಬೇಕು. ನೋಂದಣಿಯ ಸಮಯ ಮತ್ತು ವೈದ್ಯರು ಮೊದಲು ಕಡತ ತೆರೆದ ಸಮಯ, ಇವೆರಡರ ಅಂತರವೇ ಕಾಯುವ ಹೊತ್ತು. ಗಂಟೆವಾರು ಇದನ್ನು ಹಾಕಿ, ಪಕ್ಕದಲ್ಲಿ ಗಲಾಟೆ ನಡೆದ ಸಮಯಗಳನ್ನು ಬರೆಯಿರಿ. ಕಾಯುವ ಹೊತ್ತು ಏರುವ ಗಂಟೆಗಳಲ್ಲಿ ಒಬ್ಬರೇ ಸಿಸ್ಟರ್ ಇರುವಂತೆ ಡ್ಯೂಟಿ ಹಾಕಿದ್ದೀರಾ? ಸೆಕ್ಯೂರಿಟಿಯವರ ಊಟದ ಹೊತ್ತು ಅದೇ ಆಗಿದೆಯೇ? ಬೈಗುಳ, ಬೆದರಿಕೆಗಳನ್ನು ದಾಖಲಿಸಲು ತಂತ್ರಾಂಶದಲ್ಲಿ ಒಂದು ಸಾಲಿನ ಜಾಗ ಮಾಡಿಸಿ. ಮೂರು ಪುಟದ ಫಾರಂ ಕೊಟ್ಟರೆ ಯಾರೂ ತುಂಬುವುದಿಲ್ಲ.

ಹಂತ 6: ಜನರನ್ನೇ ಕೇಳಿ

ಲಾಗ್‌ನಿಂದ ಸುಲಿದ ಅಡಿಕೆಯ ಲೆಕ್ಕ ಸಿಗುತ್ತದೆ, ಸುಲಿದವರ ಬೆರಳು ಎಷ್ಟು ಉರಿಯುತ್ತಿದೆ ಎಂಬುದು ಸಿಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ತನ್ನ 11ನೇ ರೋಗ ವರ್ಗೀಕರಣದಲ್ಲಿ ಕೆಲಸದ ಬಳಲಿಕೆಯನ್ನು ರೋಗವೆಂದು ಕರೆದಿಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿ ಎಂದಿದೆ. ಅದರ ಮೂರು ಲಕ್ಷಣ: ಶಕ್ತಿ ಬರಿದಾದ ಭಾವ, ಕೆಲಸದಿಂದ ಮನಸ್ಸು ದೂರವಾಗುವುದು ಅಥವಾ ಅದರ ಬಗ್ಗೆ ಕಹಿ, ತನ್ನಿಂದ ಏನೂ ಆಗುತ್ತಿಲ್ಲ ಎನಿಸುವುದು. ಮೂರರಲ್ಲಿ ಒಂದೂ ಲಾಗ್‌ನಲ್ಲಿ ಕಾಣುವುದಿಲ್ಲ.

ಹೆಸರಿಲ್ಲದ ಚಿಕ್ಕ ಪ್ರಶ್ನಾವಳಿ ಕೊಡಿ. ಬಳಲಿಕೆ ಅಳೆಯಲು ಮಾಸ್ಲಾಕ್ ಪ್ರಶ್ನಾವಳಿ ಹೆಸರುವಾಸಿ, ಆದರೆ ಹಣ ಕೊಟ್ಟು ಪರವಾನಗಿ ಪಡೆಯಬೇಕು. ಕೋಪನ್‌ಹೇಗನ್ ಪ್ರಶ್ನಾವಳಿ ಉಚಿತ. ಐವರಿಗಿಂತ ಕಡಿಮೆ ಜನರಿರುವ ವಿಭಾಗದ ಉತ್ತರವನ್ನು ಬೇರೆಯಾಗಿ ತೋರಿಸಬೇಡಿ. ಲೇಬರ್ ರೂಮಿನಲ್ಲಿ ಮೂವರೇ ಇದ್ದರೆ ಯಾರು ಏನು ಬರೆದರೆಂದು ಇಡೀ ಆಸ್ಪತ್ರೆಗೆ ಗೊತ್ತಾಗುತ್ತದೆ.

ಯಾರಾದರೂ ತೀರಾ ಕುಗ್ಗಿದ್ದಾರೆ ಎಂದು ತಿಳಿದರೆ ಅಂಕಿಗಳನ್ನು ಪಕ್ಕಕ್ಕಿಟ್ಟು ಅವರೊಂದಿಗೆ ಮಾತನಾಡಿ. ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿಯೂ ಸಿಗುತ್ತದೆ.

ಹಂತ 7: ಒಂದನ್ನು ಬದಲಿಸಿ, ಮತ್ತೆ ಅಳೆಯಿರಿ

ಒಂದನ್ನೇ. ಐದನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಉಪಯೋಗವಾಯಿತೆಂದು ತಿಳಿಯುವುದಿಲ್ಲ.

ಎಲ್ಲಿಂದ ಶುರು ಮಾಡಲಿ ಎಂದು ಕೇಳಿದರೆ ನನ್ನ ಸಲಹೆ ಡಿಸ್ಚಾರ್ಜ್ ಸಮರಿ. ಬಿಡುಗಡೆಯ ದಿನ ಸೊನ್ನೆಯಿಂದ ಬರೆಯುವ ಬದಲು ದಾಖಲಾದ ದಿನವೇ ತೆರೆದು, ದಿನಕ್ಕೆರಡು ಸಾಲು ಸೇರಿಸುತ್ತಾ ಹೋಗುವ ಪದ್ಧತಿ ಮಾಡಿ. ಅದಾದ ಮೇಲೆ ಕಡ್ಡಾಯವಾಗಿ ತುಂಬಬೇಕಾದ ಕಲಂಗಳನ್ನು ಒಂದೊಂದಾಗಿ ನೋಡಿ. ತುಂಬಿದ್ದನ್ನು ಯಾರೂ ಓದುವುದಿಲ್ಲವೆಂದಾದರೆ ಆ ಕಲಂ ಯಾಕೆ? ನಕ್ಷತ್ರ ಚಿಹ್ನೆ ಹಾಕಿದ ಕಲಂಗಳಲ್ಲಿ ಬರಿಯ ಚುಕ್ಕಿ, ಅಡ್ಡಗೆರೆ, ‘ಇಲ್ಲ’ ತುಂಬಿದವು ಎಷ್ಟಿವೆ ಎಂದು ಎಣಿಸಿದರೆ ತೆಗೆಯಬೇಕಾದವು ತಾವಾಗಿ ಮೇಲೆ ಬರುತ್ತವೆ.

ಹೋಲಿಸುವಾಗ ಕಾಲ ನೋಡಿ. ಜೂನ್, ಜುಲೈಯಲ್ಲಿ ಡೆಂಗ್ಯೂ, ಇಲಿಜ್ವರ ಬಂದು ಒಪಿ ತುಂಬಿರುತ್ತದೆ. ಏಪ್ರಿಲ್‌ನಲ್ಲಿ ಬದಲಿಸಿ ಜುಲೈಯಲ್ಲಿ ಅಳೆದರೆ ‘ಬದಲಾವಣೆಯಿಂದ ಹೊರೆ ಹೆಚ್ಚಿತು’ ಎಂದೇ ಬರುತ್ತದೆ. ಮಳೆಗಾಲವನ್ನು ಮಳೆಗಾಲದೊಂದಿಗೇ ಹೋಲಿಸಿ. ಅಷ್ಟು ಕಾಯಲು ಆಗದಿದ್ದರೆ ಒಂದು ವಾರ್ಡಿನಲ್ಲಿ ಬದಲಿಸಿ, ಇನ್ನೊಂದನ್ನು ಹಾಗೆಯೇ ಬಿಟ್ಟು, ಎರಡನ್ನೂ ಅದೇ ವಾರಗಳಲ್ಲಿ ಅಳೆಯಿರಿ. ಡ್ಯೂಟಿಯ ಹೊರಗಿನ ಸಮಯ ಇಳಿದದ್ದಕ್ಕೆ ಕೂಡಲೇ ಹಿಗ್ಗಬೇಡಿ, ವೈದ್ಯರ ಕೆಲಸ ಸಿಸ್ಟರ್‌ಗಳ ತಲೆಗೆ ವರ್ಗವಾಗಿರಬಹುದು. ಅವರ ಲಾಗ್ ಕೂಡ ನೋಡಿ.

ಹಂತ 8: ಮುಂದಿನ ಕರಾರು

ಲಾಗ್ ಕೊಡಲು ಕೆಲವು ಕಂಪೆನಿಗಳು ಪ್ರತ್ಯೇಕ ಹಣ ಕೇಳುತ್ತವೆ, ಕೆಲವು ತಮ್ಮದೇ ಸಿದ್ಧ ವರದಿ ತೋರಿಸಿ ಇದೇ ಸಾಕು ಎನ್ನುತ್ತವೆ. ಸಿದ್ಧ ವರದಿಯಲ್ಲಿ ‘ಸಕ್ರಿಯ ಸಮಯ’ವನ್ನು ಹೇಗೆ ಲೆಕ್ಕ ಹಾಕಿದರೆಂದು ಹೇಳದಿದ್ದರೆ ಅದನ್ನು ನಂಬಬೇಡಿ. ವಾರ್ಷಿಕ ನಿರ್ವಹಣಾ ಕರಾರು ನವೀಕರಿಸುವಾಗ ಈ ಮೂರನ್ನು ಸೇರಿಸಿ: ಕೇಳಿದಾಗ ಐದು ಕಲಂನ ಕಚ್ಚಾ ಲಾಗ್ ಉಚಿತವಾಗಿ ಕೊಡಬೇಕು, ಸಮಯ ಭಾರತೀಯ ಕಾಲಮಾನದಲ್ಲಿರಬೇಕು, ಯಾವ ಎಚ್ಚರಿಕೆ ಬೇಕು, ಯಾವ ಕಲಂ ಕಡ್ಡಾಯ ಎಂಬುದನ್ನು ಆಸ್ಪತ್ರೆಯವರೇ ಬದಲಿಸುವಂತಿರಬೇಕು. ಹಳೆಯ ಕರಾರು ಮುಗಿಯುವ ದಿನಾಂಕವನ್ನು ಇವತ್ತೇ ನೋಡಿಟ್ಟುಕೊಳ್ಳಿ. ನವೀಕರಣದ ಬಿಲ್ಲಿಗೆ ಸಹಿ ಬಿದ್ದ ಮೇಲೆ ನಿಮ್ಮ ಮಾತಿಗೆ ಅವರಲ್ಲಿ ಅಷ್ಟು ಬೆಲೆ ಇರುವುದಿಲ್ಲ.